ಅಪ್ಪನ ಹೆಸರಿನ ಐದು ಗುಳಿಗೆ

ಬೆಳಿಗ್ಗೆ ಹತ್ತೂವರೆಗೆ ಮೆಹಕರ ಹಳ್ಳಿಯ ಕಾಶೀರಾಮ, ಭಾಲ್ಕಿಯ ಬಸ್ ನಿಲ್ದಾಣದ ಎದುರಿನ ಔಷಧ ಅಂಗಡಿಗೆ ಬಂದು ವಾಂತಿ ನಿಲ್ಲುವ ಗುಳಿಗೆ ಕೇಳಿದ. ಅವನ ಎಡಗೈಯಲ್ಲಿ ಎಣ್ಣೆ ಹತ್ತಿದ ಕಾಗದದ ಪೊಟ್ಟಣವಿತ್ತು. ಅದರಲ್ಲಿದ್ದ ಮಿರ್ಚಿ ಭಜಿಗಳಲ್ಲಿ ಒಂದನ್ನು ಆಗಲೇ ಅರ್ಧ ಕಚ್ಚಿದ್ದ.

ಕೌಂಟರಿನ ಹಿಂದೆ ಆಮ್ರಪಾಲಿ ಅಂಗಡಿ ತೆರೆದಾಗಿನಿಂದ ನಿಂತೇ ಇದ್ದಳು. ಏಪ್ರಿಲ್ ಮೊದಲ ವಾರ. ತಲೆಯ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಕೊಡುತ್ತಿತ್ತು. ಡಿ.ಫಾರ್ಮ್ ಮುಗಿಸಿದ ವರ್ಷ ಈ ಅಂಗಡಿಗೆ ಸೇರಿದವಳಿಗೆ ಈಗ ನಲವತ್ತರ ಹತ್ತಿರ. ಮಧ್ಯಾಹ್ನದ ಹೊತ್ತಿಗೆ ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತು ಹೋಗುತ್ತಿತ್ತು. ಒಂದು ಸ್ಟೂಲು ಹಾಕಿಸಿ ಎಂದು ಮಾಲೀಕ ಭಾಲಚಂದ್ರನಿಗೆ ಹೇಳಿ ಹೇಳಿ ಬಿಟ್ಟಿದ್ದಳು.

"ವಾಂತಿ ಯಾವಾಗಲಿಂದ ಕಾಕಾ?" ಎಂದು ಕೇಳಿದಳು.

"ನಾಕೈದು ದಿನ ಆತು ನೋಡವ್ವ. ಏನು ತಿಂದರೂ ಹೊಟ್ಯಾಗ ನಿಂದರವಲ್ದು. ನೀರು ಕುಡದ್ರ ನೀರೂ ಹೊರಗ. ಬಾಯಿ ಎಲ್ಲಾ ಕಹಿ."

ಇಷ್ಟು ಹೇಳಿ ಕಾಶೀರಾಮ ಉಳಿದ ಅರ್ಧ ಭಜಿಯನ್ನು ಬಾಯಿಗೆ ಹಾಕಿಕೊಂಡ.

ಗುಳಿಗೆಯ ಡಬ್ಬಿಗೆ ಹೋಗಿದ್ದ ಆಮ್ರಪಾಲಿಯ ಕೈ ಅಲ್ಲೇ ನಿಂತಿತು. ಬೇರೆ ಗಿರಾಕಿಯಾಗಿದ್ದರೆ ಆಕೆ ನಕ್ಕು ಗುಳಿಗೆ ಕೊಟ್ಟು ಕಳಿಸುತ್ತಿದ್ದಳು. ಆದರೆ ಈ ಮನುಷ್ಯ ಕ್ಷಯದ ಔಷಧ ತೆಗೆದುಕೊಳ್ಳುತ್ತಿರುವವನು. ಆ ಔಷಧ ನುಂಗುವವರಿಗೆ ವಾಂತಿ ಶುರುವಾದರೆ ಮೊದಲು ಕಣ್ಣು ಹಳದಿಯಾಗಿದೆಯೇ ಎಂದು ನೋಡಬೇಕು. ಅದನ್ನು ಆಕೆ ಬೀದರಿನ ತರಬೇತಿಯಲ್ಲಿ ಕೇಳಿದ್ದಳು. ಈ ಮನುಷ್ಯನಿಗೆ ಕ್ಷಯ ಇದೆಯೆಂದು ಹಿಡಿದವಳೂ ಆಕೆಯೇ.

ತರಬೇತಿ ನಡೆದದ್ದು ಜನವರಿಯಲ್ಲಿ. ಜಿಲ್ಲೆಯ ಔಷಧ ಅಂಗಡಿಗಳ ಸಿಬ್ಬಂದಿಯನ್ನು ಕೂರಿಸಿ ಹೇಳಿದ್ದು ಇಷ್ಟೇ: ಕೆಮ್ಮು ಬಂದವರು ಡಾಕ್ಟರ ಹತ್ತಿರ ಹೋಗುವುದಕ್ಕೆ ಮೊದಲು ನಿಮ್ಮ ಹತ್ತಿರ ಬರುತ್ತಾರೆ, ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಔಷಧ ಕೊಟ್ಟು ಕೈತೊಳೆದುಕೊಳ್ಳಬೇಡಿ, ಕಫ ಪರೀಕ್ಷೆಗೆ ಕಳಿಸಿ. ಆಮ್ರಪಾಲಿ ವಾಪಸು ಬಂದ ಮೇಲೆ ಕಣ್ಣಿಗೆ ಬಿದ್ದವನು ಕಾಶೀರಾಮ. ಬಂದಾಗೆಲ್ಲ ಕೆಮ್ಮಿನ ಔಷಧದ ಖಾಲಿ ಬಾಟಲಿ ಕೌಂಟರಿನ ಮೇಲಿಟ್ಟು, "ಇಂಥಾದ್ದೇ ಕೊಡು" ಎನ್ನುತ್ತಿದ್ದ. ಈ ಕಡೆ ಔಷಧದ ಹೆಸರು ಯಾರೂ ಹೇಳುವುದಿಲ್ಲ. ಖಾಲಿ ಬಾಟಲಿಯೋ ಹರಿದ ಸ್ಟ್ರಿಪ್ಪೋ ತಂದು ತೋರಿಸುತ್ತಾರೆ, ಅಂಗಡಿಯವರು ಅಂಥದ್ದೇ ಕೊಡುತ್ತಾರೆ. ಯಾರಿಗೆ ಎಂದು ಕೇಳುವ ರೂಢಿಯಿಲ್ಲ. ಕಾಶೀರಾಮ ಬೀಡಿ ಸೇದುವವನು, ಅಂಗಡಿಯ ಮೆಟ್ಟಿಲು ಹತ್ತುವಾಗ ಕೆಮ್ಮುತ್ತಲೂ ಇದ್ದ. ಆಮ್ರಪಾಲಿ ಕೇಳಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟಳು.

ಭಾಲಚಂದ್ರ ಅವತ್ತು ಗುರುಗುಟ್ಟಿದ್ದ. "ಇದು ದುಕಾನ ಅದನೋ ದವಾಖಾನಿ ಅದನೋ? ಗಿರಾಕಿ ಔಷಧ ಕೇಳಿದ್ರ ನೀ ರೋಗ ಕೊಟ್ಟು ಕಳಸ್ತಿ."

ಕಾಶೀರಾಮನೂ ಎರಡು ಸಲ ಚೀಟಿ ಬೇಡ ಎಂದ. ಮೂರನೇ ಸಲ ಮಾತ್ರ ದನಿ ಇಳಿಸಿ ಕೇಳಿದ: "ಕಫ ಮನೀಂದ ತಂದ್ರ ನಡೀತದೇನು?" ಆಸ್ಪತ್ರೆಯಲ್ಲಿ ಎಲ್ಲರೆದುರು ಉಗುಳಲು ನಾಚಿಕೆಯಿರಬೇಕು ಎಂದುಕೊಂಡು ಆಮ್ರಪಾಲಿ, "ನಡೀತದ ಕಾಕಾ, ಮುಂಜಾನೆದ್ದು ಇನ್ನೂ ಛಲೋ" ಎಂದಳು.

ಪರೀಕ್ಷೆಯಲ್ಲಿ ಕ್ಷಯ ಇದೆ ಎಂದು ಬಂತು. ತಾಲ್ಲೂಕಿನ ಕ್ಷಯ ವಿಭಾಗದ ಮೇಲ್ವಿಚಾರಕ ಸುಮಿತ ಕಾಶೀರಾಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಅರವತ್ತೇಳು ಕಿಲೋ. ಆ ತೂಕಕ್ಕೆ ದಿನಕ್ಕೆ ಐದು ಗುಳಿಗೆ. ಮಾರ್ಚ್ ಇಪ್ಪತ್ತನಾಲ್ಕರ ಕ್ಷಯ ದಿನಾಚರಣೆಯಲ್ಲಿ, ರೋಗಿಯನ್ನು ಪತ್ತೆ ಹಚ್ಚಿದ ಅಂಗಡಿಯೆಂದು ಬೀದರಿನಲ್ಲಿ ಭಾಲಚಂದ್ರನಿಗೆ ಶಾಲು ಹೊದಿಸಿದರು. ಅದರ ಫೋಟೊ ಗಣಪತಿಯ ಪಕ್ಕದಲ್ಲಿ ತೂಗುಹಾಕಿಕೊಂಡ ಮೇಲೆ ಭಾಲಚಂದ್ರನ ಗುರುಗುಟ್ಟುವಿಕೆ ನಿಂತಿತು. ಈಗ ಸೊಂಟನೋವಿನ ಮುಲಾಮಿಗೆ ಬಂದವರಿಗೂ ಹೇಳುತ್ತಿದ್ದ: "ನಮ್ಮ ದುಕಾನದಾಗ ಟಿ.ಬಿ. ಹಿಡಿತೇವ್ರಿ."

ಆಮ್ರಪಾಲಿ ಕೌಂಟರಿನ ಮೇಲೆ ಬಾಗಿ ಕಾಶೀರಾಮನ ಕಣ್ಣು ನೋಡಿದಳು. ಕೆಂಪು ನರಗಳು ಬಿಟ್ಟರೆ ಬೆಳ್ಳಗಿದ್ದವು.

"ಕಾಕಾ, ಮೂತ್ರ ಯಾವ ಬಣ್ಣ ಹೋಗ್ತದ?"

ಭಾಲಚಂದ್ರ ಕುರ್ಚಿಯಿಂದಲೇ ನಕ್ಕ. "ಮುಂಜಾನೆದ್ದು ಎಂಥಾ ಸವಾಲ ಕೇಳ್ತೀಯವ್ವ. ಆಂವ ಭಜಿ ತಿನ್ಲಿಕತ್ಯಾನ."

"ಎಲ್ಲಾರಿಗಿ ಹ್ಯಾಂಗ ಇರ್ತದ ಹಂಗೇ ಅದ" ಎಂದ ಕಾಶೀರಾಮ. "ನೀರಿನಂಗ."

ಆಮ್ರಪಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಆ ಐದು ಗುಳಿಗೆಗಳಲ್ಲಿರುವ ಒಂದು ಔಷಧ ಮೊದಲ ದಿನವೇ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ರಕ್ತ ಎಂದು ಹೆದರಬೇಡಿ ಎಂದು ಸುಮಿತ ಪ್ರತಿ ರೋಗಿಗೂ ಹೇಳಿ ಕಳಿಸುತ್ತಾನೆ. ಮೂರು ವಾರದಿಂದ ದಿನಾ ಅವನ್ನು ನುಂಗುವವನಿಗೆ ನೀರಿನ ಬಣ್ಣ ಇರಲು ಸಾಧ್ಯವಿಲ್ಲ. ಕಾಶೀರಾಮ ಗುಳಿಗೆ ನುಂಗುತ್ತಿಲ್ಲ. ಆದರೆ ಅವನು ಹೇಳಿದ ವಾಂತಿಯಲ್ಲಿ ಸುಳ್ಳಿರಲಿಲ್ಲ. ಯಾರದೋ ವಾಂತಿಯನ್ನು ಕಣ್ಣಾರೆ ನೋಡಿ ಬಂದವನ ಮಾತು ಅದು.

"ಒಳಗ ಬರ್ರಿ ಕಾಕಾ" ಎಂದಳು.

ಅಂಗಡಿಯ ಹಿಂದೆ ಔಷಧದ ಪೆಟ್ಟಿಗೆಗಳನ್ನು ಪೇರಿಸಿದ ಒಂದು ಇಕ್ಕಟ್ಟಾದ ಕೋಣೆ. ಕಾಶೀರಾಮ ಸಲೈನಿನ ಪೆಟ್ಟಿಗೆಯ ಮೇಲೆ ಕೂತ. ಆಮ್ರಪಾಲಿ ಗೋಡೆಗೆ ಒರಗಿದಳು. ಒರಗಿದಾಗ ಮಂಡಿಗೆ ಸ್ವಲ್ಪ ಸಮಾಧಾನವಾಯಿತು.

"ಗುಳಿಗಿ ಯಾರು ನುಂಗ್ಲಿಕತ್ಯಾರ?"

"ನಾನೇ. ಮತ್ಯಾರು?"

"ಸುಳ್ಳ ಹೇಳಬ್ಯಾಡ್ರಿ."

"ಸುಳ್ಳ ಯಾಕ ಹೇಳ್ಲಿ? ಡಬ್ಬಿ ಮ್ಯಾಲ ನನ್ನ ಹೆಸರೇ ಅದ, ಸುಮಿತ ಸಾಹೇಬ್ರಿಗಿ ಕೇಳು."

"ಕೌಸಲ್ಯಾಬಾಯಿ ಕಾಕೂ ಏನು?" ಎಂದು ಅವನ ಹೆಂಡತಿಯ ಹೆಸರು ಹೇಳಿದಳು.

"ಆಕಿಗೇನಾಗ್ಯಾದ? ನಿನ್ನೆ ಹೊಲದಾಗ ಕಸ ತೆಗದು ಬಂದಾಳ."

ಇನ್ನು ಆ ಮನೆಯಲ್ಲಿ ಉಳಿದವಳು ಮಗಳು. "ಮಹಾಮಾಯಾ?" ಎಂದು ಆಮ್ರಪಾಲಿ ಕೇಳಿದಳು.

ಕಾಶೀರಾಮ ಭಜಿಯ ಪೊಟ್ಟಣವನ್ನು ಮಡಚಿದ. ಮತ್ತೆ ಮಡಚಿದ. ಎಣ್ಣೆ ಅವನ ಧೋತರಕ್ಕೆ ಹತ್ತಿತು.

ಮಹಾಮಾಯಾ ಬೀದರಿನ ಚಿದ್ರಿಯಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡು ಬಿ.ಇಡಿ. ಓದಿದವಳು. ಕೆಮ್ಮು ಶುರುವಾದದ್ದು ಅಲ್ಲಿ, ದೀಪಾವಳಿಯ ನಂತರ. ಊರಿಗೆ ಬಂದಾಗ ಗಾಳಿ ಬದಲಾಗಿದೆ, ಹೋಗುತ್ತದೆ ಎಂದರು. ಅಷ್ಟರಲ್ಲಿ ಔರಾದಿನಿಂದ ಸಂಬಂಧ ಬಂತು. ಹುಡುಗ ಧಮ್ಮಪಾಲ ಅಲ್ಲಿಯ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದ. ಅವರು ಬಂದು ನೋಡಿ ಒಪ್ಪಿ ಹೋದರು. ವೈಶಾಖ ಹುಣ್ಣಿಮೆಗೆ ಮದುವೆ ಎಂದು ತಾರೀಖು ಗಟ್ಟಿಯಾಯಿತು.

"ಟಿ.ಬಿ. ಅಂದ್ರ ಆಕಿ ಮದುವಿ ಮುರದ್ಹಂಗೇ" ಎಂದ ಕಾಶೀರಾಮ. "ಮುದುಕನ ಕೆಮ್ಮಿಗಿ ಯಾರು ಏನಂತಾರ? ರೋಗ ನನ್ನ ಹೆಸರಿಲೇ ಇರ್ಲಿ ಅಂದೆ. ನನ್ನ ಮದುವಿ ಆಗಿ ಮೂವತ್ತು ವರ್ಷ ಆತು, ಅದನ್ನೇನು ಯಾರು ಮುರೀತಾರ?"

"ಕಫ ಆಕಿದು ಕೊಟ್ರಿ."

"ಹೂಂ."

"ತೂಕ ನಿಮ್ಮದು ಕೊಟ್ರಿ."

"ಆಂವ ನಿಂದ್ರು ಅಂದ, ನಿಂತೆ."

"ನನಗರ ಹೇಳಬಾರದಾಗಿತ್ತಾ ಕಾಕಾ?"

"ನಿನಗ ಗೊತ್ತಾಗಬಾರದು ಅಂತೇ ಇಷ್ಟೆಲ್ಲ ಮಾಡಿದ್ದು!" ಕಾಶೀರಾಮನ ದನಿ ಏರಿತು, ಮತ್ತೆ ತಾನೇ ಇಳಿಸಿದ. "ನೀ ನಮ್ಮ ಮಂದ್ಯಾಗಿನಾಕಿ. ನಿಮ್ಮ ಅತ್ತಿ ಶಾಲುಬಾಯಿ ಔರಾದಿನ್ಯಾಗ ಬೀಗರ ಓಣ್ಯಾಗೇ ಇರ್ತಾಳ. ಬ್ಯಾರೇ ದುಕಾನಿಗಿ ಹೋಗಬೇಕಿತ್ತು. ಬಿ.ಪಿ. ಗುಳಿಗಿ ಇಲ್ಲೇ ಒಯ್ದು ಒಯ್ದು ರೂಢಿ ಆಗ್ಯಾದ, ಕಾಲು ಇಲ್ಲಿಗೇ ಬಂತು."

ಆಮ್ರಪಾಲಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕು. "ಆಕಿ ತೂಕ ಎಷ್ಟು?" ಎಂದಳು.

"ಬೀದರದಾಗಿದ್ದಾಗ ಮೂವತ್ತೆಂಟು ಅಂದಿದ್ಲು. ಈಗ ಇನ್ನೂ ಇಳದಿರಬೇಕು."

"ಆ ತೂಕಕ್ಕ ದಿನಕ್ಕ ಮೂರು ಗುಳಿಗಿ. ನೀವು ಐದು ನುಂಗಸೀರಿ."

"ಡಬ್ಬಿ ಮ್ಯಾಲ ಐದು ಅಂತ ಬರದಾರಲ್ಲ. ಹೆಚ್ಚ ಆದ್ರೂ ಲಗೂನ ಆರಾಮ ಆಗ್ತದ ಅಂತ ತಿಳದ್ವಿ."

"ಕಣ್ಣು ಹಳದಿ ಆಗ್ಯಾವೇನು?"

ಕಾಶೀರಾಮ ಪೊಟ್ಟಣವನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಹೇಳಿದ: "ನಿನ್ನೀಲಿಂದ. ಕಾಮಣಿ ಆಗ್ಯಾದ ಅಂದಳು ಆಕಿ ಅವ್ವ. ಭಾತಂಬ್ರಾದಾಗ ಒಬ್ಬಾಕಿ ಬೇರಿನ ರಸ ಕೊಡ್ತಾಳ. ನಾಳೆ ಹೋಗೋರಿದ್ವಿ."

ಆಮ್ರಪಾಲಿ ಮೊಬೈಲು ತೆಗೆದಳು. ಕಾಶೀರಾಮ ಎದ್ದು ಅವಳ ಕೈಗೆ ಅಡ್ಡ ಕೈ ಹಿಡಿದ.

"ಯಾರಿಗೂ ಹೇಳಬ್ಯಾಡ. ಗುಳಿಗಿ ಇವತ್ತೇ ಮೂರು ಮಾಡ್ತೇನಿ. ಮದುವಿ ಆಗೋತನ ತಡಿ, ಕೈ ಮುಗೀತೇನಿ."

"ಮದುವಿತನ ಆಕಿ ಇರಬೇಕಲ್ಲ ಕಾಕಾ" ಎಂದಳು ಆಮ್ರಪಾಲಿ. "ಲಿವರಿಗಿ ಪೆಟ್ಟ ಬಿದ್ದದ. ಈಗ ಮೂರೂ ಕೊಡಂಗಿಲ್ಲ, ಒಂದೂ ಕೊಡಂಗಿಲ್ಲ."

ಕಾಶೀರಾಮ ಕೈ ತೆಗೆದ.

ಸುಮಿತ ಎಲ್ಲೋ ಹಳ್ಳಿಯ ಕಡೆ ಬೈಕಿನ ಮೇಲಿದ್ದ. ಅವಳ ಫೋನಿಗೆ ಬೈಕು ನಿಲ್ಲಿಸಿ ಪೂರ್ತಿ ಕೇಳಿದ. "ನಾ ಅವರ ಮನಿಗಿ ಹೋಗಿದ್ದೆ ಮೇಡಂ. ಮಗಳು ಎಲ್ಲಿ ಅಂದ್ರ ಚಿದ್ರಿಯಾಗ ಓದ್ಲಿಕತ್ಯಾಳ ಅಂದ್ರು. ಒಳಗಿನ ಖೋಲಿ ಬಾಗಿಲ ಹಾಕಿತ್ತು. ನಾ ಚಹಾ ಕುಡದು ಬಂದೆ." ಆಮೇಲೆ ಕೆಲಸದ ದನಿಗೆ ಬಂದ: ಗುಳಿಗೆ ಈಗಲೇ ನಿಲ್ಲಬೇಕು, ಹುಡುಗಿಯನ್ನು ಭಾಲ್ಕಿಯಲ್ಲಿ ಇಳಿಸದೆ ನೇರ ಬೀದರಿನ ದೊಡ್ಡ ದವಾಖಾನೆಗೆ ಒಯ್ಯಬೇಕು, ತಾನು ಅಲ್ಲಿಗೇ ಬರುತ್ತೇನೆ ಎಂದ.

ಆಮ್ರಪಾಲಿ ಬಿಳಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಕಾಶೀರಾಮನೊಬ್ಬನನ್ನೇ ಕಳಿಸಿದರೆ ಅವನು ಬಸ್ಸು ಹತ್ತುವಷ್ಟರಲ್ಲಿ ಮನಸ್ಸು ಬದಲಿಸುತ್ತಾನೆ, ನಾಳೆ ಭಾತಂಬ್ರಾಕ್ಕೆ ಹೋಗುತ್ತಾನೆ ಎಂಬುದು ಅವಳಿಗೆ ಖಾತ್ರಿಯಿತ್ತು. ಭಾಲಚಂದ್ರ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಅಂದ್ರ ನಾವು ಹಿಡದದ್ದು ಖೋಟಾ ಮನಶಾನ್ನ?" ಎಂದ.

"ರೋಗ ಖರೇನೇ ಅದ ಸೇಠ. ಮನಶಾ ಖೋಟಾ."

ಭಾಲಚಂದ್ರ ಗೋಡೆಯ ಫೋಟೊ ನೋಡಿದ. "ಶಾಲು ವಾಪಸ ಕೇಳ್ತಾರೇನು?" ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ಪರಿಚಯದ ಜೀಪಿನ ಯುನುಸನಿಗೆ ತಾನೇ ಫೋನು ಮಾಡಿದ. "ಸೀದಾ ಮೆಹಕರ, ಅಲ್ಲಿಂದ ಬೀದರ. ದಾರ್‍ಯಾಗ ಬ್ಯಾರೆ ಪ್ಯಾಸೆಂಜರ ತುಂಬಿದ್ರ ನೋಡು ಮತ್ತ."

ಮೆಹಕರದ ಮನೆಯಲ್ಲಿ ಮಹಾಮಾಯಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಿಟಕಿ ಮುಚ್ಚಿತ್ತು. ಆಮ್ರಪಾಲಿ ಮೊದಲು ಕಿಟಕಿ ತೆರೆದಳು. ಬೆಳಕಿಗೆ ಹುಡುಗಿ ಕಣ್ಣು ಬಿಟ್ಟಳು. ಬಿಳಿ ಇರಬೇಕಾದಲ್ಲಿ ಅರಿಸಿನ ಕಲೆಸಿದ ಹಾಗಿತ್ತು. ಮೂಲೆಯಲ್ಲಿ ಮದುವೆಗೆ ತಂದ ಸೀರೆಗಳು ಪ್ಲಾಸ್ಟಿಕ್ಕಿನಲ್ಲೇ ಇದ್ದವು. ತಾಯಿ ಕೌಸಲ್ಯಾಬಾಯಿ ಬಾಗಿಲಿಗೆ ಆತುಕೊಂಡು, "ಯಾರಿಗಿ ಹೇಳೀಯವ್ವ? ಇನ್ನೂ ಯಾರ್‍ಯಾರಿಗಿ ಗೊತ್ತದ?" ಎಂದು ಎರಡು ಸಲ ಕೇಳಿದಳು.

"ನಾ ಎಷ್ಟು ಗುಳಿಗಿ ತಗೋಬೇಕಿತ್ರಿ ಅಕ್ಕ?" ಎಂದಳು ಮಹಾಮಾಯಾ.

"ಮೂರು."

"ಅಪ್ಪನ ಪಾಲಿಂದೂ ನಾನೇ ತಿಂದೆ ಹಂಗಾರ." ನಗಲು ಹೋಗಿ ಓಕರಿಕೆ ಬಂತು. ಆಮ್ರಪಾಲಿ ಅವಳ ಬೆನ್ನು ಹಿಡಿದಳು. ಕುಪ್ಪಸದ ಮೇಲಿಂದಲೇ ಎಲುಬು ಕೈಗೆ ಸಿಕ್ಕವು.

ಬೀದರಿನಲ್ಲಿ ಡಾಕ್ಟರು ಎಲ್ಲರನ್ನೂ ಬೈದರು: ತಂದೆಯನ್ನು ಸುಳ್ಳಿಗೆ, ಸುಮಿತನನ್ನು ಮುಚ್ಚಿದ ಬಾಗಿಲು ತೆರೆಸದ್ದಕ್ಕೆ, ಆಮ್ರಪಾಲಿಯನ್ನು ಬಾಟಲಿ ಯಾರಿಗೆಂದು ಕೇಳದ್ದಕ್ಕೆ. ಬೈಗುಳ ಮುಗಿದ ಮೇಲೆ ಹುಡುಗಿಯನ್ನು ದಾಖಲು ಮಾಡಿಕೊಂಡರು. ಬೇರಿನ ರಸವೂ ಹೊಟ್ಟೆಗೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು. ಮಹಾಮಾಯಾಳ ಕಫವನ್ನು ಈ ಸಲ ಅವಳ ಹೆಸರಲ್ಲೇ ಕಳಿಸಿದರು, ರೋಗ ಇತ್ತು. ಕಾಶೀರಾಮನ ಎದೆಯ ಎಕ್ಸರೆ ತೆಗೆದರು, ಏನೂ ಇರಲಿಲ್ಲ. ವರಾಂಡದ ಬೆಂಚಿನಲ್ಲಿ ಆ ಎಕ್ಸರೆಯನ್ನು ಮಡಿಲಲ್ಲಿಟ್ಟುಕೊಂಡು ಅವನು ಸಂಜೆಯವರೆಗೂ ಕೂತಿದ್ದ. ಆಮ್ರಪಾಲಿ ಕೊನೆಯ ಬಸ್ಸಿಗೆ ಭಾಲ್ಕಿಗೆ ಹೊರಟಾಗ ತಲೆಯೆತ್ತಿ, "ಶಾಲುಬಾಯಿಗಿ ಏನೂ ಹೇಳಬ್ಯಾಡವ್ವ" ಎಂದ.

"ಹೇಳಂಗಿಲ್ಲ" ಎಂದಳು.

ಶಾಲುಬಾಯಿಯೇ ಫೋನು ಮಾಡಿದಳು. ಮುಂದಿನ ವಾರ, ಸಂಜೆ, ಕೌಂಟರಿನ ಮುಂದೆ ಜನ ನಿಂತಿದ್ದಾಗ.

"ಏ ಆಮ್ರಪಾಲಿ, ಮೆಹಕರದ ಕಾಶೀರಾಮನ ಮಗಳು ಹ್ಯಾಂಗ ಅದಾಳ? ಧಮ್ಮಪಾಲನ ಅವ್ವ ನಮ್ಮ ಮನಿಗಿ ಬಂದಾಳ. ಬೀಗರು ಫೋನ ಎತ್ತವಲ್ರಂತ, ಮನಿಗಿ ಕೀಲಿ ಅದ ಅಂತ. ನೀ ಅಲ್ಲೇ ಔಷಧ ಮಾರ್‍ತಿ, ನಿನಗ ಗೊತ್ತಿರ್ತದ ಅಂತ ಕೇಳ್ಲಿಕ್ಕಿ ಹಚ್ಚ್ಯಾಳ."

"ಹುಡುಗಿ ಛಲೋ ಅದಾಳ ಅತ್ತಿ."

"ಅದು ಗೊತ್ತದ. ತಬ್ಬೇತ? ಮೈಯಾಗ ಆರಾಮ ಅದಾಳೇನು?"

ಮದುವೆಯ ಚೌಕಶಿಗೆ, ಅಂದರೆ ವಿಚಾರಣೆಗೆ, ಕೊಡುವ ಉತ್ತರ ಈ ಕಡೆ ಎಲ್ಲರಿಗೂ ಬಾಯಿಪಾಠ. ಬಂಗಾರದಂಥ ಹುಡುಗಿ, ಕಣ್ಣು ಮುಚ್ಚಿ ಮಾಡಿಕೊಳ್ಳಿ ಎನ್ನಬೇಕು. ಅಷ್ಟು ಹೇಳಿದ್ದರೆ ಫೋನು ಮುಗಿಯುತ್ತಿತ್ತು. ಅವಳೇ ಮೂರು ಹುಡುಗಿಯರ ಬಗ್ಗೆ ಹಾಗೆ ಹೇಳಿದ್ದಳು. ಆದರೆ ಇನ್ನು ತಿಂಗಳಲ್ಲಿ ಗಂಡನ ಮನೆಗೆ ಹೋಗುವವಳು ಅಲ್ಲಿ ಗುಳಿಗೆ ಎಲ್ಲಿ ಬಚ್ಚಿಡುತ್ತಾಳೆ, ಮೂತ್ರದ ಬಣ್ಣಕ್ಕೆ ಏನು ಹೇಳುತ್ತಾಳೆ, ಬಚ್ಚಿಡಲಾಗದೆ ಬಿಟ್ಟರೆ ಏನಾಗುತ್ತದೆ ಎಂಬುದು ಆಮ್ರಪಾಲಿಯ ಬಾಯಿಗೆ ಅಡ್ಡ ಬಂತು.

"ದುಕಾನಿಗಿ ಬಂದೋರ ಮಾತು ನಾ ಹೊರಗ ಹೇಳಂಗಿಲ್ಲ ಅತ್ತಿ" ಎಂದಳು. "ಅವರನ್ನೇ ಕೇಳ್ರಿ."

"ಹಂಗಾರ ಏನೋ ಅದ" ಎಂದಳು ಶಾಲುಬಾಯಿ.

"ನಾ ಏನೂ ಅಂದಿಲ್ಲ."

"ಏನೂ ಅನ್ನಲಿಲ್ಲಲ್ಲ, ಅದಕ್ಕೇ."

ಫೋನು ಕಟ್ಟಾಯಿತು. ಕೌಂಟರಿನ ಮುಂದಿದ್ದ ಹೆಂಗಸು ಖಾಲಿ ಬಾಟಲಿ ಮುಂದಿಟ್ಟು, "ಇಂಥಾದ್ದೇ ಕೊಡ್ರಿ" ಎಂದಳು. "ಯಾರಿಗಿ?" ಎಂದು ಆಮ್ರಪಾಲಿ ಕೇಳಿದಳು. ಹೆಂಗಸಿಗೆ ಸಿಟ್ಟು ಬಂತು. "ಯಾರಿಗ್ಯಾದ್ರೇನು, ಔಷಧ ಮಾರ್‍ತೀರೋ ಚೌಕಶಿ ಮಾಡ್ತೀರೋ?" ಎಂದು ಬಾಟಲಿ ಎತ್ತಿಕೊಂಡು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದಳು. ಭಾಲಚಂದ್ರ ಕುರ್ಚಿಯಿಂದಲೇ ನೋಡಿದ.

ಔರಾದಿನವರು ಎರಡು ದಿನ ಬಿಟ್ಟು ಬೀದರಿನ ಆಸ್ಪತ್ರೆಗೇ ಬಂದರು. ಅವರಿಗೆ ದಾರಿ ಯಾರು ಹೇಳಿದರೋ ತಿಳಿಯಲಿಲ್ಲ, ಕಾಶೀರಾಮ ಮಾತ್ರ ಆಮ್ರಪಾಲಿಯೇ ಎಂದುಕೊಂಡ. ಬಾಳೆಹಣ್ಣು ತಂದಿದ್ದರು, ಹಾಸಿಗೆಯಿಂದ ದೂರ ನಿಂತು ಮಾತಾಡಿದರು. ಮೊದಲು ಹುಡುಗಿ ಹುಷಾರಾಗಲಿ, ಮದುವೆ ಆಮೇಲೆ ನೋಡೋಣ ಎಂದರು. ಬೇರೆ ತಾರೀಖು ಹೇಳಲಿಲ್ಲ. ವೈಶಾಖ ಹುಣ್ಣಿಮೆಯ ದಿನ ಮಹಾಮಾಯಾ ಮೆಹಕರದ ಮನೆಯಲ್ಲಿ ಕಿಟಕಿ ತೆರೆದ ಕೋಣೆಯಲ್ಲಿದ್ದಳು. ಅಷ್ಟರಲ್ಲಿ ಕಣ್ಣಿನ ಹಳದಿ ಇಳಿದಿತ್ತು. ಔಷಧವನ್ನು ಒಂದೊಂದಾಗಿ ಮತ್ತೆ ಶುರು ಮಾಡಿದ್ದರು.

ಜುಲೈನಲ್ಲಿ ಆಕೆ ತಾಲ್ಲೂಕು ಆಸ್ಪತ್ರೆಗೆ ತೂಕ ಮಾಡಿಸಲು ಬಂದವಳು ಅಂಗಡಿಗೂ ಬಂದಳು. ಮುಖಕ್ಕೆ ಮಾಸ್ಕು ಇತ್ತು. ಕೆಮ್ಮಿರಲಿಲ್ಲ. ನಲವತ್ತೊಂದು ಕಿಲೋ, ದಿನಕ್ಕೆ ಮೂರು ಗುಳಿಗೆ ಎಂದಳು. ಧಮ್ಮಪಾಲ ಒಮ್ಮೆ ಫೋನು ಮಾಡಿ ಎಷ್ಟು ತಿಂಗಳ ಔಷಧ ಎಂದು ಕೇಳಿದ್ದ, ಮತ್ತೆ ಮಾಡಿಲ್ಲ ಎಂದಳು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಇಲ್ಲಿಗಿ ಬಂದೀನಂತ ಅಪ್ಪಗ ಹೇಳಬ್ಯಾಡ್ರಿ" ಎಂದಳು.

ಹೇಳುವ ಪ್ರಸಂಗ ಬರಲಿಲ್ಲ. ಕಾಶೀರಾಮ ಈಗ ಬಿ.ಪಿ. ಗುಳಿಗೆಯನ್ನು ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾನೆ.